ಒಂದೂವರೆ ಇಂಚು

ಸತ್ಯವತಿ ಹೊಲಿದ ಲಂಗ ಮೂರು ವರ್ಷ ಬರುತ್ತದೆ ಎಂದು ಗೋವಿಂದರಾಜನಗರದಲ್ಲಿ ಒಂದು ಮಾತಿತ್ತು. ಬಟ್ಟೆ ಗಟ್ಟಿಯೆಂದು ಈ ಮಾತಲ್ಲ. ಬಟ್ಟೆ ಎಂಥದೇ ಇರಲಿ, ಅದು ಗಿರಾಕಿ ತಂದುಕೊಟ್ಟದ್ದು. ಸತ್ಯವತಿ ಅಂಚಿನ ಒಳಗೆ ಯಾರಿಗೂ ಕಾಣದಂತೆ ಮೂರು ಇಂಚು ಬಟ್ಟೆ ಮಡಿಸಿ ಬಿಡುತ್ತಿದ್ದಳು. ಹುಡುಗಿ ಬೆಳೆದ ಹಾಗೆ ವರ್ಷಕ್ಕೊಮ್ಮೆ ಹೊಲಿಗೆ ಬಿಚ್ಚಿ ಇಳಿಸಿಕೊಂಡರೆ ಆಯಿತು. ಬೆಳೆಯುವ ಮಕ್ಕಳ ತಾಯಂದಿರು ಇವಳನ್ನು ಬಿಟ್ಟು ಇನ್ನೊಬ್ಬ ಟೈಲರನ ಅಂಗಡಿ ಮೆಟ್ಟಿಲು ಹತ್ತುತ್ತಿರಲಿಲ್ಲ.

ಇಂಥವಳು ಒಂದು ಸೈಕಲ್ ಕಂಪನಿಯಲ್ಲಿ ಕುರ್ಚಿ ಹಾಕಿಕೊಂಡು ಕೂತದ್ದಕ್ಕೆ ಅವಳ ತಮ್ಮ ಚಕ್ರಪಾಣಿಯ ತಲೆಯೇ ಕಾರಣ. ಅದು ಒಂದು ಕಡೆ ನಿಲ್ಲುವ ತಲೆಯಲ್ಲ. ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ನಕ್ಷೆ ಬರೆಯುವ ನೆಟ್ಟಗಿನ ಕೆಲಸವಿತ್ತು. ಎಂಬತ್ತೇಳರಲ್ಲಿ ಯಾರೋ ಹೊರದೇಶದಿಂದ ತಂದ ಪತ್ರಿಕೆಯಲ್ಲಿ ಗುಡ್ಡ ಹತ್ತುವ ಸೈಕಲ್ಲಿನ ಚಿತ್ರ ನೋಡಿದ. ದಪ್ಪ ಟೈರು, ನೆಟ್ಟನೆಯ ಹ್ಯಾಂಡಲು, ಗೇರು. ಅದರ ಮುಂದಿನ ಚಕ್ರಕ್ಕೆ ಮೊಪೆಡ್ಡಿನ ಹಾಗೆ ಸ್ಪ್ರಿಂಗು ಕೊಟ್ಟು, ಹಿಂದಿನದನ್ನು ಗಟ್ಟಿಯಾಗಿಯೇ ಬಿಟ್ಟರೆ ಹೇಗಿರುತ್ತದೆ ಎಂದು ತಾನೊಂದು ಯೋಚನೆ ಸೇರಿಸಿದ. ಮರು ವರ್ಷ ಕೆಲಸ ಬಿಟ್ಟ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಪ್ಪಾ ಎಂದು ನೆಂಟರು ಬುದ್ಧಿ ಹೇಳಿದರು. ಇವನು, "ನಾನು ಕಾಲು ಇದ್ದಷ್ಟು ಸೈಕಲ್ ಮಾಡ್ತೀನಿ" ಎಂದ.

ಅವನು ಹೇಳಿದ್ದು ತಮಾಷೆಗಲ್ಲ. ಅಂಗಡಿಯ ಸೈಕಲ್ಲುಗಳೆಲ್ಲ ಇಪ್ಪತ್ತೆರಡು ಇಲ್ಲವೇ ಇಪ್ಪತ್ತನಾಲ್ಕು ಇಂಚಿನವು. ಸವಾರ ಕುಳ್ಳನಿರಲಿ ಉದ್ದನಿರಲಿ, ಅವನೇ ಹೊಂದಿಕೊಳ್ಳಬೇಕು. ಪಾಣಿಯ ಸೈಕಲ್ ಹಾಗಲ್ಲ. ಬಂದವರ ಕಾಲು, ತೋಳು, ಹೆಗಲು ಅಳೆದು ಅವರಿಗೇ ಎಂದು ಮಾಡಿಕೊಡುವುದು. ಹ್ಯಾಂಡಲ್ ಎಷ್ಟಗಲ, ಗೇರು ಮೂರೋ ಐದೋ, ಬಣ್ಣ ಯಾವುದು, ಎಲ್ಲ ಗಿರಾಕಿ ಹೇಳಿದ ಹಾಗೆ. ಅವರು ಹೇಳಿದ್ದೂ ಚೆನ್ನಾಗಿತ್ತು. ಗುಡ್ಡ ಹತ್ತುವ ಸೈಕಲ್ಲಿಗೆ ಒಬ್ಬರು ಅಕ್ಕಿ ಮೂಟೆ ತಡೆಯುವ ಕ್ಯಾರಿಯರ್ ಕೇಳಿದರು, ಇನ್ನೊಬ್ಬರು ಡೈನಮೋ ಕೇಳಿದರು, ಮತ್ತೊಬ್ಬರು ದೇವರ ಹೂವು ತರಲು ಮುಂದೊಂದು ಬುಟ್ಟಿ ಇರಲಿ ಎಂದರು. ಪಾಣಿ ಹಲ್ಲು ಕಚ್ಚಿಕೊಂಡು ಎಲ್ಲವನ್ನೂ ಬರೆದುಕೊಂಡ.

ಅಳೆಯುವ ಕೆಲಸ ಅಕ್ಕನದು. ಅಪ್ಪ ತೀರಿಕೊಂಡಾಗ ಸತ್ಯವತಿಗೆ ಹದಿನೆಂಟು, ಪಾಣಿಗೆ ಏಳು. ಹೊಲಿಗೆ ಮೆಷಿನ್ ತುಳಿದೇ ಅವನನ್ನು ಡಿಪ್ಲೊಮಾವರೆಗೆ ತಂದಳು. ಮದುವೆಯ ಮಾತು ಬಂದಾಗಲೆಲ್ಲ ತಮ್ಮನ ಓದು ಮುಗಿಯಲಿ ಎನ್ನುತ್ತಿದ್ದಳು. ಓದು ಮುಗಿಯುವ ಹೊತ್ತಿಗೆ ಮಾತು ಬರುವುದೇ ನಿಂತಿತ್ತು. ಈಗ ನಲವತ್ತಕ್ಕೆ ಹತ್ತಿರ. ಇಪ್ಪತ್ತು ವರ್ಷದಿಂದ ಮನೆಯ ಮುಂದಿನ ಕೋಣೆಯಲ್ಲಿ ರವಿಕೆಗೆ ಹುಕ್ಕು ಹಚ್ಚಿ ಹಚ್ಚಿ ಕತ್ತು ಹಿಡಿದುಹೋಗಿತ್ತು. ಸೈಕಲ್ ಮಾಡಲು ಹಿಡಿದ ಶೆಡ್ಡಿನಲ್ಲಿ ಪಾಣಿ ಅವಳಿಗೊಂದು ಕುರ್ಚಿ, ಒಂದು ಮೇಜು ಹಾಕಿದ. ಗಿರಾಕಿಗಳು ಅವಳನ್ನು ಮೇಡಂ ಎಂದರು. ಬೋರ್ಡಿನ ಮೇಲೆ 'ಪಾಣಿ ಸೈಕಲ್ಸ್, ನಿಮ್ಮ ಅಳತೆಗೆ ನಿಮ್ಮ ಸೈಕಲ್' ಎಂದು ಬರೆಸಿ, ಕೆಳಗೆ ಸಣ್ಣ ಅಕ್ಷರದಲ್ಲಿ 'ಅಳತೆ: ಸತ್ಯವತಿ' ಎಂದೂ ಬರೆಸಿದ. ಹಾಲು ತರುವ ನೆಪದಲ್ಲಿ ಆ ಬೋರ್ಡಿನ ಮುಂದೆ ಅವಳು ದಿನಕ್ಕೆರಡು ಸಲ ಹಾದುಹೋದದ್ದುಂಟು. ಸೈಕಲ್ ಕಂಪನಿಗೆ ದರ್ಜಿ ಯಾಕೆ ಎಂದು ಬೀದಿಯಲ್ಲಿ ನಕ್ಕವರೂ ಇದ್ದರು. ಅದು ಅವಳ ಕಿವಿಗೂ ಬಿದ್ದಿತ್ತು.

ಗಂಡಸರ ಕಾಲನ್ನು ಹೆಂಗಸು ಅಳೆಯುವುದು ಹೇಗೆ ಎಂಬುದಕ್ಕೂ ಪಾಣಿ ದಾರಿ ಮಾಡಿದ್ದ. ಗಿರಾಕಿ ಪರದೆಯ ಹಿಂದೆ ಗೋಡೆಗೆ ಒರಗಿ ನಿಂತು, ಒಂದು ಹಲಗೆಯನ್ನು ತಾನೇ ತೊಡೆಸಂದಿಯವರೆಗೆ ಎತ್ತಿ ಹಿಡಿದು, ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆಯಬೇಕು. ಅವನು ಆಚೆ ಬಂದ ಮೇಲೆ ಸತ್ಯವತಿ ಒಳಗೆ ಹೋಗಿ, ಗೆರೆಯಿಂದ ನೆಲದವರೆಗೆ ಟೇಪು ಬಿಟ್ಟು ಅಳೆದು ತನ್ನ ಪುಸ್ತಕದಲ್ಲಿ ಬರೆಯುವಳು. ಆ ಅಳತೆಯಲ್ಲಿ ಹನ್ನೆರಡು ಇಂಚು ಕಳೆದರೆ ಸೀಟಿನ ಕೆಳಗಿನ ಕೊಳವೆ ಎಷ್ಟುದ್ದ ಇರಬೇಕೆಂದು ಸಿಗುತ್ತಿತ್ತು.

ಕೊಳವೆ ಕತ್ತರಿಸಿ ಹಿತ್ತಾಳೆ ಬೆಸುಗೆ ಹಾಕುವವನು ಮಾರೇನಹಳ್ಳಿಯ ಉಗ್ರಪ್ಪ. ಹೆಸರಷ್ಟೇ ಉಗ್ರ, ಇರುವೆ ಅಡ್ಡ ಬಂದರೆ ನಿಂತು ದಾರಿ ಬಿಡುವ ಮನುಷ್ಯ. ಮೂವತ್ತು ವರ್ಷ ಬೆಂಕಿಯ ಮುಂದೆ ಕಳೆದವನು. ಅವನಿಗೆ ಕಾಗದದ ಮೇಲೆ ನಂಬಿಕೆ ಕಡಿಮೆ. ಸತ್ಯವತಿ ಪುಸ್ತಕ ನೋಡಿ ಅಳತೆ ಕೂಗಿ ಹೇಳಿದರೆ, ಅವನು ಕಾಲಿನದರಲ್ಲಿ ಆ ಹನ್ನೆರಡು ಕಳೆದು, ತನ್ನ ಅಡಿಪಟ್ಟಿ ಹಿಡಿದು ಕೊಳವೆಯ ಉದ್ದಕ್ಕೆ ಒಂದೊಂದು ಬಿದಿರ ಕಡ್ಡಿ ಕತ್ತರಿಸಿಕೊಳ್ಳುವನು. ಅಂಕಿ ಮರೀಬಹುದು, ಕಡ್ಡಿ ಮರೆಯಲ್ಲ ಎನ್ನುವನು. ಫ್ರೇಮು ಮುಗಿದ ಮೇಲೆ ಕಡ್ಡಿಗಳು ಟೀ ಕಾಯಿಸುವ ಒಲೆಗೆ ಹೋಗುತ್ತಿದ್ದವು. ಎಲ್ಲರಿಗೂ ಸೈಕಲ್ ಮಾಡಿದ ಈ ಕುಳ್ಳ ಮನುಷ್ಯ ತಾನು ಮಾತ್ರ ಯಾರೋ ಬಿಟ್ಟುಹೋದ ಇಪ್ಪತ್ತನಾಲ್ಕು ಇಂಚಿನ ಸೈಕಲ್ ತುಳಿಯುತ್ತಿದ್ದ. ಹತ್ತಲು ಇಳಿಯಲು ಅವನಿಗೆ ಕಲ್ಲು ಬೇಕು. ಶೆಡ್ಡಿನ ಬಾಗಿಲಲ್ಲಿ ಅದಕ್ಕೆಂದೇ ಒಂದು ಕಲ್ಲು ಹಾಕಿಕೊಂಡಿದ್ದ.

ಬ್ಯಾಡರಹಳ್ಳಿಯ ಆಚೆಯ ಬಯಲಿನಲ್ಲಿ ಭಾನುವಾರ ಸೈಕಲ್ಲಿನ ಬಿಡುಗಡೆ ಎಂದು ನಿಶ್ಚಯವಾಯಿತು. ಮೊದಲ ಆರು ಸೈಕಲ್ಲು, ಆರು ಗಿರಾಕಿಗಳು, ಒಂದು ಶಾಮಿಯಾನ, ಒಂದು ಮೈಕು. ಅದಕ್ಕೆಂದು ಶೆಡ್ಡಿಗೆ ಸುಣ್ಣ ಹೊಡೆಸಿದರು. ಶುಕ್ರವಾರ ಪೂಜೆ ಮಾಡಿ, ಚಕ್ರಕ್ಕೆ ನಿಂಬೆಹಣ್ಣಿಟ್ಟು, ಮೊದಲ ಸೈಕಲ್ಲನ್ನು ಬಸವೇಶ್ವರನಗರದ ಗಂಗಾಧರಯ್ಯ ಮೇಷ್ಟ್ರ ಕೈಗೆ ಕೊಟ್ಟರು. ಮೇಷ್ಟ್ರು ಪಂಚೆ ಬಿಟ್ಟು ಪ್ಯಾಂಟು ಹಾಕಿ ಬಂದಿದ್ದರು. ಕಾಲು ದಾಟಿಸಿ ಎರಡೂ ಪಾದ ನೆಲಕ್ಕೆ ಊರಿ ನಿಂತರು, ಅಥವಾ ನಿಲ್ಲಲು ನೋಡಿದರು. ಅವರ ಮುಖದಲ್ಲಿ ಗಂಡಸರಿಗಷ್ಟೇ ತಿಳಿಯುವ ಒಂದು ಸಂಕಟ ಕಾಣಿಸಿತು.

"ಸ್ವಲ್ಪ ಎತ್ತರ ಆಯ್ತೇನೋ, ಪಾಣಿ" ಎಂದರು, ತುದಿಗಾಲಲ್ಲಿ ನಿಂತುಕೊಂಡೇ.

ಪಾಣಿ ಉಕ್ಕಿನ ಟೇಪು ತಂದ. ಮೇಷ್ಟ್ರ ಕಾಲು ಮೂವತ್ತು ಇಂಚು. ಹಾಗಾದರೆ ಸೀಟಿನ ಕೊಳವೆ ಹದಿನೆಂಟು ಇರಬೇಕು, ಅಳೆದರೆ ಹತ್ತೊಂಬತ್ತೂವರೆ. ಹತ್ತಿರದ ಬೀದಿಯಲ್ಲಿದ್ದ ಇನ್ನಿಬ್ಬರು ಗಿರಾಕಿಗಳನ್ನು ಕರೆಸಿದ. ಅವರವಕ್ಕೂ ಸರಿಯಾಗಿ ಅದೇ ಒಂದೂವರೆ ಇಂಚು ಹೆಚ್ಚು. ಮೇಷ್ಟ್ರನ್ನು ಸಮಾಧಾನ ಮಾಡಿ ಕಳಿಸಿದ ಮೇಲೆ ಪಾಣಿ ಉಗ್ರಪ್ಪನ ಕಡೆ ತಿರುಗಿದ.

"ಉಗ್ರಪ್ಪಣ್ಣ, ಬೇಜಾರು ಮಾಡ್ಕೋಬೇಡಿ. ನಿಮ್ಮ ಕಣ್ಣು ಎಷ್ಟು ದಿನದಿಂದ ಹೀಗಿದೆ? ಬೆಂಕಿಪೊಟ್ಟಣದ ಚಿತ್ರಾನೂ ಕೈ ಚಾಚಿ ದೂರ ಹಿಡ್ಕೊಂಡು ನೋಡ್ತೀರ. ನಾನು ಗಮನಿಸ್ತಾನೇ ಇದೀನಿ."

"ನಂಗೆ ಸರಿಯಾಗೇ ಕಂಡಿತ್ತು ಸಾರ್" ಎಂದ ಉಗ್ರಪ್ಪ. ಅಡಿಪಟ್ಟಿಯನ್ನು ಎತ್ತಿ ದೂರ ಹಿಡಿದು ನೋಡಿದ, ಹತ್ತಿರ ಹಿಡಿದು ನೋಡಿದ. "ಸತ್ಯಮ್ಮೋರು ಎಷ್ಟಂದ್ರೋ ಅಷ್ಟೇ ಕತ್ತರಿಸ್ದೆ ಅಂದ್ಕೊಂಡಿದ್ದೆ."

"ಅಕ್ಕನ ಅಳತೆ ತಪ್ಪಲ್ಲ ಬಿಡಿ. ನಾನು ಬುದ್ಧಿ ಬಂದಾಗಿಂದ ಅವಳ ಅಳತೇಲೇ ಬಟ್ಟೆ ಹಾಕಿದೀನಿ."

ಸತ್ಯವತಿಯೂ ಹಾಗೇ ಅಂದುಕೊಂಡಿದ್ದಳು. ತನ್ನ ಅಳತೆ ತಪ್ಪುತ್ತದೆ ಎಂಬುದು ಅವಳ ಮನಸ್ಸಿನ ಮೂಲೆಯಲ್ಲೂ ಇರಲಿಲ್ಲ. ಪಾಪ, ವಯಸ್ಸಾಯಿತು ಎಂದು ಉಗ್ರಪ್ಪನ ಬಗ್ಗೆ ಮರುಗಿದಳು. ಉಗ್ರಪ್ಪ ಬೆಸುಗೆಯ ಕಪ್ಪು ಕನ್ನಡಕವನ್ನು ಮೊಳೆಗೆ ತಗುಲಿಸಿ, ಸಾಮಾನನ್ನು ಒಂದೊಂದಾಗಿ ಚೀಲಕ್ಕೆ ಹಾಕಿಕೊಂಡ.

"ಇದು ಬೆಂಕಿ ಕೆಲಸ ಸಾರ್. ಕಣ್ಣು ಕಾಣದೋನು ಹಾಕಿದ ಬೆಸುಗೆ ಇಳಿಜಾರಲ್ಲಿ ಬಿಟ್ಟೋದ್ರೆ ಯಾರದೋ ಜೀವ ಹೋಗ್ತದೆ. ನಾನು ಮುಟ್ಟಲ್ಲ. ಬೇರೆಯೋರ್ನ ನೋಡ್ಕೊಳಿ" ಎಂದು ಹೇಳಿ, ಕಲ್ಲು ಹತ್ತಿ, ಎತ್ತರದ ಸೈಕಲ್ ಏರಿ ಹೋದ.

ಅವತ್ತು ಸಂಜೆ ದೀಪ ಹಚ್ಚುವ ಹೊತ್ತಿಗೆ ಎದುರುಮನೆಯ ಕೋಕಿಲಾ ಲಂಗದ ಬಟ್ಟೆ ತಂದಳು. ಹನ್ನೆರಡು ವರ್ಷದ ಹುಡುಗಿ, ನೀರೆರೆದ ಬಳ್ಳಿಯ ಹಾಗೆ ಬೆಳೆಯುತ್ತಿದ್ದಳು. ಸತ್ಯವತಿ ಸೊಂಟದಿಂದ ಪಾದದವರೆಗೆ ಟೇಪು ಬಿಟ್ಟಳು. ಮೂವತ್ತನಾಲ್ಕು. ಪೆನ್ಸಿಲು ತೆಗೆದುಕೊಂಡು ಬರೆದಳು.

ಹುಡುಗಿ ಬಗ್ಗಿ ನೋಡಿತು. "ಆಂಟಿ, ಟೇಪಲ್ಲಿ ಮೂವತ್ನಾಲ್ಕಿತ್ತು. ನೀವು ಮೂವತ್ತೇಳು ಬರೆದಿದೀರ."

"ಬೆಳೆಯೋ ಹುಡುಗಿ ಕಣೇ ನೀನು. ಒಳಗೆ ಬಿಡೋದನ್ನೂ ಸೇರಿಸೇ ಬರೆಯೋದು" ಎಂದಳು ಸತ್ಯವತಿ. ಅಂದವಳು ಹಾಗೇ ನಿಂತುಬಿಟ್ಟಳು.

ಕೋಕಿಲಾ ಹೋದ ಮೇಲೆ ಸೈಕಲ್ಲಿನ ಪುಸ್ತಕ ತೆಗೆದಳು. ಮೇಷ್ಟ್ರ ಹೆಸರಿನ ಮುಂದೆ ಅವಳದೇ ಅಕ್ಷರದಲ್ಲಿ ಮೂವತ್ತೊಂದೂವರೆ. ಇಪ್ಪತ್ತು ವರ್ಷದಿಂದ ಅವಳ ಪುಸ್ತಕದಲ್ಲಿ ಅಳತೆ ಎಂದರೆ ಕತ್ತರಿಸುವ ಅಳತೆ. ಲಂಗಕ್ಕೆ ಮೂರು ಇಂಚು, ಪ್ಯಾಂಟಿಗೆ ಒಂದೂವರೆ. ಕಣ್ಣು ಟೇಪು ನೋಡುತ್ತಿತ್ತು, ಕೈ ತನ್ನ ಪಾಡಿಗೆ ತಾನು ಕೂಡಿಸಿ ಬರೆಯುತ್ತಿತ್ತು. ಕಾಲು ಎಂದ ಕೂಡಲೇ ಕೈ ಪ್ಯಾಂಟಿನ ಲೆಕ್ಕ ಹಿಡಿದಿದೆ. ಐವತ್ತು ದಾಟಿದ ಮೇಷ್ಟ್ರು ಇನ್ನೂ ಬೆಳೆಯುತ್ತಾರೆ ಎಂದು ಉಕ್ಕಿನ ಕೊಳವೆಗೂ ಮಡಿಕೆ ಬಿಟ್ಟಿದ್ದಾಳೆ. ಬೇರೆ ಯಾರಾದರೂ ಮಾಡಿದ್ದರೆ ಅವಳೇ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಯಾರಿಗೂ ತಿಳಿಯುವ ಹಾಗಿರಲಿಲ್ಲ, ನಿಜ. ಗೋಡೆಯ ಗೆರೆಗಳ ಮೇಲೆ ಸುಣ್ಣ ಬಿದ್ದಿದೆ. ಕಡ್ಡಿಗಳು ಒಲೆಯಲ್ಲಿ ಬೂದಿಯಾಗಿವೆ. ಆರು ಜನ, ಒಬ್ಬೊಬ್ಬರಿಗೆ ಐದೈದು ಅಳತೆ, ಅದೂ ಒಂದೂವರೆ ತಿಂಗಳ ಹಿಂದೆ ಕೂಗಿದ್ದು, ಉಗ್ರಪ್ಪನಿಗೆ ನೆನಪಿರಲಾರದು. ಪುಸ್ತಕದ ಒಂದು ಹಾಳೆ ಹರಿದರೆ ಮುಗಿಯಿತು. ಹೇಳಿದರೆ ಏನಾಗುತ್ತದೆ ಎಂಬುದೂ ಅವಳಿಗೆ ಗೊತ್ತಿತ್ತು. ಸೈಕಲ್ ಕಂಪನಿಗೆ ದರ್ಜಿ ಯಾಕೆ ಎಂದವರ ಮಾತು ನಿಜವಾಗುತ್ತದೆ. ಬೋರ್ಡಿನ ಸಣ್ಣ ಅಕ್ಷರದ ಮೇಲೆ ಬಣ್ಣ ಬಳಿಯುತ್ತಾರೆ. ಮತ್ತೆ ಮುಂದಿನ ಕೋಣೆ, ಮತ್ತೆ ರವಿಕೆಯ ಹುಕ್ಕು, ಸಾಯುವ ತನಕ. ಹಾಳೆಯ ತುದಿಯನ್ನು ಬೆರಳಲ್ಲಿ ಹಿಡಿದು ಬಹಳ ಹೊತ್ತು ಕೂತಿದ್ದಳು. ಆ ಆಸೆ ಅವಳಿಗೆ ಬರಲೇ ಇಲ್ಲ ಎಂದರೆ ಸುಳ್ಳಾಗುತ್ತದೆ.

ಅಳೆದೂ ಸುರಿದೂ ಬೆಳಿಗ್ಗೆ ಮಾರೇನಹಳ್ಳಿಗೆ ಹೊರಟಳು. ಹಾಳೆ ಇನ್ನೂ ಪುಸ್ತಕದಲ್ಲೇ ಇತ್ತು. ಆದರೆ ಹೇಳಿಯೇ ತೀರುತ್ತೇನೆ ಎಂಬ ಧೈರ್ಯ ಇನ್ನೂ ಬಂದಿರಲಿಲ್ಲ. ಮೊದಲು ಅವನನ್ನು ನೋಡೋಣ ಎಂದುಕೊಂಡಿದ್ದಳು.

ಉಗ್ರಪ್ಪನ ಹೆಂಡತಿ ನರಸಮ್ಮ ಬಾಗಿಲಲ್ಲೇ ಸಿಕ್ಕಳು. "ನಿನ್ನೆಯಿಂದ ಒಂದು ತುತ್ತು ತಿಂದಿಲ್ಲ ಕಣಮ್ಮ. ಏನಾಯ್ತು ಅಂದ್ರೆ ಹೇಳಲ್ಲ. ಒಳಗೆ ಹೋಗಿ ನೋಡಿ, ನಿಮಗೇ ಗೊತ್ತಾಗ್ತದೆ."

ಒಳಗೆ ಉಗ್ರಪ್ಪ ಗೋಡೆಗೆ ಬೆನ್ನು ಕೊಟ್ಟು ಕೂತು ಎದುರಿನ ಕ್ಯಾಲೆಂಡರಿನ ತಾರೀಖುಗಳನ್ನು ಓದುತ್ತಿದ್ದ. ಒಂದು ಕಣ್ಣು ಮುಚ್ಚಿ ಓದುತ್ತಿದ್ದ, ಆಮೇಲೆ ಇನ್ನೊಂದು ಕಣ್ಣು ಮುಚ್ಚಿ. ಎಲ್ಲವನ್ನೂ ಸರಿಯಾಗಿಯೇ ಓದಿದ. ಓದಿ ಮುಗಿಸಿ, ಎದ್ದು ಹತ್ತಿರ ಹೋಗಿ, ತಾನು ಓದಿದ್ದು ಹೌದೋ ಅಲ್ಲವೋ ಎಂದು ಬೆರಳಿಟ್ಟು ನೋಡಿದ. ಮೂವತ್ತು ವರ್ಷದಲ್ಲಿ ಕೂದಲೆಳೆ ತಪ್ಪದೆ ಕೊಳವೆ ಕೂಡಿಸಿದವನು ಒಂದೇ ದಿನದಲ್ಲಿ ತನ್ನ ಕಣ್ಣನ್ನೇ ನಂಬದ ಹಾಗಾಗಿದ್ದ. ಸತ್ಯವತಿಗೆ ಇನ್ನು ತಡೆಯಲಾಗಲಿಲ್ಲ.

"ಉಗ್ರಪ್ಪಣ್ಣ, ನಿಮ್ಮ ಕಣ್ಣಿಗೇನೂ ಆಗಿಲ್ಲ" ಎಂದಳು. "ತಪ್ಪು ನಂದು." ಪುಸ್ತಕ ತೆರೆದು ತೋರಿಸಿದಳು. ಪ್ಯಾಂಟು, ಮಡಿಕೆ, ಒಂದೂವರೆ ಇಂಚು, ಎಲ್ಲವನ್ನೂ ಹೇಳಿದಳು.

ಉಗ್ರಪ್ಪ ಪುಸ್ತಕವನ್ನು ಕೈ ಚಾಚಿ ದೂರ ಹಿಡಿದು ನೋಡಿದ. "ಮೂವತ್ತೊಂದೂವರೆ ಅಂತ ನೀವೇ ಕೂಗಿದ್ರಾ?"

"ನಾನೇ ಕೂಗಿದ್ದು."

"ಅದರಲ್ಲಿ ಹನ್ನೆರಡು ಕಳೆದು ನಾನು ಅಷ್ಟೇ ಕತ್ತರಿಸಿದೀನಾ?"

"ಅಷ್ಟೇ. ಒಂದು ನೂಲು ಆಚೀಚೆ ಇಲ್ಲ."

ಬೈದರೆ ಬೈಸಿಕೊಳ್ಳೋಣ ಎಂದೇ ಅವಳು ಬಂದಿದ್ದಳು. ಅವನು ಬೈಯಲಿಲ್ಲ. ಎರಡೂ ಅಂಗೈಯಿಂದ ಮುಖ ಒರೆಸಿಕೊಂಡ. ಆಮೇಲೆ ಒಳಗಿನ ಕಡೆ ತಿರುಗಿ, "ನರಸೀ, ಮುದ್ದೆ ಇದ್ರೆ ಹಾಕು" ಎಂದ. ಸತ್ಯವತಿ ಸೆರಗಿನಿಂದ ಕಣ್ಣೊತ್ತಿಕೊಂಡಳು. ಅವನು ಬೈದಿದ್ದರೇ ಚೆನ್ನಾಗಿತ್ತು ಎನ್ನಿಸಿತು.

ಶೆಡ್ಡಿಗೆ ಇಬ್ಬರೂ ಕೂಡಿಯೇ ಹೋದರು. ಪಾಣಿ ಆರು ಸೈಕಲ್ಲುಗಳ ಮಧ್ಯೆ ತಲೆ ಮೇಲೆ ಕೈ ಹೊತ್ತು ಕೂತಿದ್ದ. ಅಕ್ಕ ನಿಂತುಕೊಂಡೇ ಹೇಳಿ ಮುಗಿಸಿದಳು. ಅವನು ಮೊದಲು ನಂಬಲಿಲ್ಲ. ಆಮೇಲೆ ಪುಸ್ತಕ ನೋಡಿದ. ಆಮೇಲೆ ಅವನಿಗೆ ಬಂದ ಸಿಟ್ಟು ಸಣ್ಣದಲ್ಲ.

"ಸ್ಟೀಲ್ ಕಣೇ ಅದು ಅಕ್ಕ! ಬಿಚ್ಚಿ ಇಳಿಸಕ್ಕೆ ಲಂಗಾನಾ? ನಾನು ಈ ಮನುಷ್ಯರ ಕಣ್ಣು ಹೋಗಿದೆ ಅಂತ ಮುಖದ ಮೇಲೇ ಅಂದೆ. ಆಗ ನೀನು ಇಲ್ಲೇ ನಿಂತಿದ್ದೆ."

"ಆಗ ನಂಗೂ ಗೊತ್ತಿರ್ಲಿಲ್ಲ ಕಣೋ."

"ಸಾಕು. ಇನ್ಮೇಲೆ ಅಳತೆ ನಾನೇ ತಗೋತೀನಿ." ಮೇಜಿನ ಮೇಲಿದ್ದ ಅವಳ ಟೇಪನ್ನು ಎತ್ತಿ ತನ್ನ ಜೇಬಿಗೆ ಹಾಕಿಕೊಂಡ.

ಅವಳು ಅಂಜಿದ್ದು ಇದಕ್ಕೇ. ಇದೇ ಆಯಿತು. ಕುರ್ಚಿಯನ್ನು ಮೇಜಿನ ಕೆಳಗೆ ಸರಿಸಿದಳು.

ಉಗ್ರಪ್ಪ ಮಾತ್ರ ಆಗಲೇ ಮೊಳೆಯಿಂದ ಕನ್ನಡಕ ತೆಗೆದುಕೊಂಡಿದ್ದ. ಮೇಷ್ಟ್ರ ಸೈಕಲ್ಲಿನ ಸೀಟಿನ ಕೆಳಗೆ ಬೆರಳಾಡಿಸಿ, "ಯಾಕೆ ಬಿಚ್ಚಕ್ಕಾಗಲ್ಲ ಸಾರ್?" ಎಂದ. "ಹಿತ್ತಾಳೆ ಬೆಸುಗೆ ಇದು. ಬೆಂಕಿ ಕೊಟ್ರೆ ಕೂಡ್ತದೆ, ಬೆಂಕಿ ಕೊಟ್ರೆ ಬಿಡ್ತದೆ. ಇಲ್ಲಿ ಬಿಚ್ಚಿ ಒಂದೂವರೆ ಕುಯ್ದು ಮತ್ತೆ ಕೂಡಿಸ್ತೀನಿ. ಮೇಲಿನ ಅಡ್ಡಕೊಳವೆ ಹಿಂದಕ್ಕೆ ಸ್ವಲ್ಪ ಇಳಿಜಾರಾಗ್ತದೆ, ಅಷ್ಟೇ. ಇಳಿಜಾರಾದ್ರೆ ನಿಂತ್ಕೊಳ್ಳಕ್ಕೆ ಇನ್ನೂ ಜಾಗ ಸಿಗ್ತದೆ. ಆರೂ ಆಗಲ್ಲ. ನಾಳೆಗೆ ಒಂದು ಕೊಡ್ತೀನಿ."

ಬಿಡುಗಡೆ ಒಂದೇ ಸೈಕಲ್ಲಿನಲ್ಲಿ ನಡೆಯಿತು. ಹೊಸ ಬೆಸುಗೆಯ ಜಾಗಕ್ಕೆ ಬಣ್ಣ ಹಚ್ಚಲು ಹೊತ್ತು ಸಿಕ್ಕಿರಲಿಲ್ಲ. ಒಲೆಯ ಮೇಲಿಟ್ಟ ಪಾತ್ರೆಯಂತೆ ಕಪ್ಪಾಗಿತ್ತು. ಅಡ್ಡಕೊಳವೆ ಯಾಕೆ ಡೊಂಕಾಗಿದೆ ಎಂದು ಬಂದವರೆಲ್ಲ ಕೇಳಿದರು. ಪಾಣಿ ಮೈಕು ಹಿಡಿದು, ಉಳಿದ ಐದಕ್ಕೆ ಎರಡು ವಾರ ಬೇಕು, ನಮ್ಮ ಅಳತೆಯಲ್ಲಿ ತಪ್ಪಾಗಿತ್ತು ಎಂದು ಹೇಳಿದ. ಯಾರ ತಪ್ಪು ಎನ್ನಲಿಲ್ಲ. ಮೇಷ್ಟ್ರು ದಿಬ್ಬ ಹತ್ತಿದರು, ಕಲ್ಲು ಹಾದಿಯಲ್ಲಿ ಇಳಿದರು, ಮುಂದಿನ ಸ್ಪ್ರಿಂಗು ಕುಣಿಯಿತು. ಕೆಳಗೆ ಬಂದು ಎರಡೂ ಪಾದ ಪೂರ್ತಿ ನೆಲಕ್ಕೆ ಊರಿ ಹಾಯಾಗಿ ನಿಂತರು. ಅವತ್ತು ಹೊಸದಾಗಿ ಇಬ್ಬರೇ ಇಬ್ಬರು ಹೆಸರು ಬರೆಸಿದರು. ಸತ್ಯವತಿ ಹಿಂದಿನ ಸಾಲಿನಲ್ಲಿ ಕೂತು ನೋಡಿದಳು.

ವಾಪಸು ಬರುವಾಗ ಮಾಗಡಿ ರೋಡಿನ ಬಸ್ಸಿನಲ್ಲಿ ಅಕ್ಕ ತಮ್ಮ ಒಂದೇ ಸೀಟಿನಲ್ಲಿ ಕೂತಿದ್ದರು.

"ಹೈಸ್ಕೂಲಲ್ಲಿ ನನ್ನ ಖಾಕಿ ಪ್ಯಾಂಟಿತ್ತಲ್ಲ" ಎಂದ ಪಾಣಿ, ಕಿಟಕಿಯಾಚೆ ನೋಡುತ್ತ. "ನೀನು ವರ್ಷಕ್ಕೊಂದು ಸಲ ಬಿಚ್ಚಿ ಇಳಿಸ್ತಿದ್ದೆ. ಹಳೇ ಮಡಿಕೆ ಗೆರೆ ಹಂಗೇ ಉಳಿಯೋದು. ಮೂರು ಗೆರೆ ಇತ್ತು. ಹುಡುಗರು ಎಣಿಸಿ ನಗೋರು."

"ನೀನು ಹೇಳ್ಲೇ ಇಲ್ವಲ್ಲೋ."

"ಹೇಳಿದ್ರೆ ಹೊಸಾದು ತರಕ್ಕೆ ಎಲ್ಲಿತ್ತು ಅಕ್ಕ?"

ಅವಳು ಅವನ ಪ್ಯಾಂಟಿನ ತುದಿ ನೋಡಿದಳು. ಈಗ ಹಾಕಿದ್ದದ್ದೂ ಅವಳೇ ಹೊಲಿದದ್ದು. ಒಳಗೆ ಒಂದೂವರೆ ಇಂಚು ಇತ್ತು.

ಸೋಮವಾರ ಅವಳು ಶೆಡ್ಡಿಗೆ ಹೋದದ್ದು ತನ್ನ ಟಿಫಿನ್ ಡಬ್ಬಿ ತರಲು ಮಾತ್ರ. ಬೋರ್ಡು ಇದ್ದ ಹಾಗೇ ಇತ್ತು. ಉಗ್ರಪ್ಪ ಎರಡನೆಯ ಫ್ರೇಮಿನ ಬೆಸುಗೆ ಬಿಚ್ಚಿ ಕೈ ಒರೆಸಿಕೊಳ್ಳುತ್ತಿದ್ದ. ಅವಳನ್ನು ನೋಡಿ ನೆಟ್ಟಗೆ ಪರದೆಯ ಹಿಂದೆ ಹೋದ. ಹಲಗೆ ಸದ್ದಾಯಿತು. ಆಚೆ ಬಂದು ನಿಂತ.

"ಗೆರೆ ಹಾಕಿದೀನಿ. ಬನ್ನಿ, ಅಳೀರಿ."

"ಯಾರಿಗೆ?"

"ನಂಗೆ. ಮೂವತ್ತು ವರ್ಷ ಕಲ್ಲು ಹುಡುಕ್ಕೊಂಡು ಸೈಕಲ್ ಇಳ್ದಿದೀನಿ. ಉಳಿದ ಕೊಳವೇಲೇ ನಂಗೊಂದು ಕೂಡಿಸ್ಕೊತೀನಿ ಅಂತ ಸಾರ್ ಹತ್ರ ಹೇಳ್ದೆ, ಒಪ್ಪಿದ್ರು. ಆದ್ರೆ ನಾನು ಬೆಳೆಯೋ ವಯಸ್ಸು ಮುಗೀತು ಸತ್ಯಮ್ಮೋರೆ. ಒಳಗೆ ಏನೂ ಬಿಡಬ್ಯಾಡಿ."

ಸತ್ಯವತಿ ತಮ್ಮನ ಕಡೆ ನೋಡಿದಳು. ಪಾಣಿ ಜೇಬಿನಿಂದ ಟೇಪು ತೆಗೆದು, ಸುರುಳಿ ಬಿಡಿಸಿ, ಅವಳ ಕೈಗೆ ಕೊಟ್ಟ. ಅವಳು ಪರದೆ ಸರಿಸಿ, ಬಿಳಿ ಗೋಡೆಯ ಮೇಲಿನ ಹೊಸ ಗೆರೆಗೆ ಟೇಪಿನ ತುದಿ ಹಿಡಿದು ನೆಲಕ್ಕೆ ಬಿಟ್ಟಳು. ಇಪ್ಪತ್ತೆಂಟು. ಪೆನ್ಸಿಲು ಹಿಡಿದ ಕೈ ಅಭ್ಯಾಸದಂತೆ ಮುಂದೆ ಓಡಲು ನೋಡಿತು. ಅದನ್ನು ತಡೆದು, ಮೊದಲ ಸಲ ಸ್ಲೇಟು ಹಿಡಿದವಳ ಹಾಗೆ ಒಂದೊಂದೇ ಅಂಕಿ ಬರೆದಳು.

"ಇಪ್ಪತ್ತೆಂಟು" ಎಂದು ಕೂಗಿದಳು.

"ನಿಜವಾಗ್ಲೂ ಇಪ್ಪತ್ತೆಂಟೇನಾ ಅಕ್ಕ?" ಎಂದ ಪಾಣಿ ಹಿಂದಿನಿಂದ. ಅವನ ದನಿಯಲ್ಲಿ ನಗುವಿತ್ತು.

ಅವಳು ಉತ್ತರ ಕೊಡುವ ಮುಂಚೆ ಉಗ್ರಪ್ಪ ಬಗ್ಗಿ, ಅವಳು ಹಿಡಿದಿದ್ದ ಟೇಪನ್ನು ಒಂದು ಮಾರು ದೂರದಿಂದ ನಿಧಾನವಾಗಿ ನೋಡಿದ.

"ಇಪ್ಪತ್ತೆಂಟೇ ಸಾರ್" ಎಂದ. "ನಂಗೆ ಕಾಣ್ತಾ ಇದೆ."